ಟ್ಯಾಂಕು ಕುಗ್ಗುತ್ತದೆ, ನಿಸರ್ಗ ಕುಗ್ಗುವುದಿಲ್ಲ

ಸೋವಿಯತ್ ವಿನ್ಯಾಸದ ಟಿ-55 ಟ್ಯಾಂಕು ಭಾರತೀಯ ಸೇನೆಯಲ್ಲಿ ದಶಕಗಟ್ಟಲೆ ದುಡಿದಿದೆ. ಅದರ ಒಡಲು ಸುಮಾರು 6.45 ಮೀಟರ್ ಉದ್ದ, 3.27 ಮೀಟರ್ ಅಗಲ. ನೆಲದಿಂದ ಗೋಪುರದ ನೆತ್ತಿಗೆ 2.4 ಮೀಟರ್. ತೂಕ 36 ಟನ್. ಈ ಉದ್ದಗಲಗಳನ್ನೆಲ್ಲ 35ರಿಂದ ಭಾಗಿಸಿದರೆ ಸುಮಾರು 18 ಸೆಂಟಿಮೀಟರ್ ಉದ್ದದ, 9 ಸೆಂಟಿಮೀಟರ್ ಅಗಲದ, 7 ಸೆಂಟಿಮೀಟರ್ ಎತ್ತರದ ಪ್ಲಾಸ್ಟಿಕ್ ಮಾದರಿ ಸಿಗುತ್ತದೆ. ಪೆಟ್ಟಿಗೆಯಲ್ಲಿ ಬರುವ ನೂರಾರು ಬಿಡಿಭಾಗಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆದು, ಆಮೇಲೆ ಆ ಹೊಸ ಬಣ್ಣದ ಮೇಲೆಯೇ ತುಕ್ಕು, ಧೂಳು, ಎಣ್ಣೆಕಲೆ ಮೂಡಿಸುವ ಹವ್ಯಾಸಿಗಳು ಜಗತ್ತಿನ ಎಲ್ಲೆಡೆ ಇದ್ದಾರೆ. ಈ ಕೊನೆಯ ಹಂತವನ್ನು ಅವರು ವೆದರಿಂಗ್ ಎನ್ನುತ್ತಾರೆ. ಬಿಸಿಲು, ಮಳೆ, ಬಳಕೆ ಯಂತ್ರದ ಮೇಲೆ ಬಿಟ್ಟುಹೋಗುವ ಗುರುತುಗಳನ್ನು ಕೈಯಾರೆ ಮೂಡಿಸುವ ಕೆಲಸ ಅದು.

ಪ್ರತಿ ಬೋಲ್ಟನ್ನೂ ಅಳತೆಗೆ ಸರಿಯಾಗಿ ಕುಗ್ಗಿಸಿ, ಅಸಲಿ ಟ್ಯಾಂಕಿಗೆ ಹೊಡೆದ ಬಣ್ಣವನ್ನೇ ತಂದು ಹೊಡೆದರೂ ಮಾದರಿ ಆಟಿಕೆಯಂತೆ ಕಾಣುವುದೇಕೆ? ಟ್ಯಾಂಕಿನ ಜೊತೆಗೆ ಗುರುತ್ವ ಕುಗ್ಗಿಲ್ಲ. ನೀರಿನ ಮೇಲ್ಮೈ ಎಳೆತ, ಧೂಳಿನ ಕಣ, ಸೂರ್ಯನ ಬೆಳಕು, ನೋಡುವವರ ಎರಡು ಕಣ್ಣುಗಳ ನಡುವಿನ ಅಂತರ, ಇವೂ ಕುಗ್ಗಿಲ್ಲ. ಮಾದರಿ ಕಟ್ಟುವವರ ಕೈಚಳಕವೆಂದು ನಾವು ಮೆಚ್ಚುವುದೆಲ್ಲ ಈ ಕುಗ್ಗದ ಸಂಗತಿಗಳಿಗೆ ಅವರು ಕಂಡುಕೊಂಡ ಉತ್ತರಗಳೇ. ಆ ಉತ್ತರಗಳ ಹಿಂದಿನ ವಿಜ್ಞಾನವನ್ನು ಒಂದೊಂದಾಗಿ ನೋಡೋಣ.

ಮೂವತ್ತೈದರ ಲೆಕ್ಕ

ಮೊದಲ ಪ್ರಶ್ನೆ, 35 ಎಂಬ ಈ ಅಂಕಿ ಬಂದದ್ದಾದರೂ ಎಲ್ಲಿಂದ? 1/72 ಮಾದರಿಗೆ ತರ್ಕವಿದೆ: ಆರು ಅಡಿ ಒಂದು ಇಂಚಾಗುತ್ತದೆ. 1/48ರಲ್ಲಿ ನಾಲ್ಕು ಅಡಿ ಒಂದು ಇಂಚು. 1/35ಕ್ಕೆ ಅಂಥ ಲೆಕ್ಕವಿಲ್ಲ. 1946ರಲ್ಲಿ ಜಪಾನಿನ ಶಿಜುವೊಕಾದಲ್ಲಿ ಮರದ ವ್ಯಾಪಾರವಾಗಿ ಶುರುವಾದ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಮೋಟಾರಿನಿಂದ ಓಡುವ ಜರ್ಮನ್ ಪ್ಯಾಂಥರ್ ಟ್ಯಾಂಕಿನ ಕಿಟ್ ತಯಾರಿಸಿತು. ಒಡಲಿನೊಳಗೆ ಬ್ಯಾಟರಿಗಳು ಹಿಡಿಸಬೇಕಿತ್ತು; ಅದಕ್ಕೆ ತಕ್ಕಂತೆ ಮಾದರಿಯ ಗಾತ್ರ ನಿಂತಿತು. ಕಿಟ್ ಯಶಸ್ವಿಯಾದ ಮೇಲೆ ಅದೇ ಪ್ರಮಾಣದಲ್ಲಿ ಬೇರೆ ಟ್ಯಾಂಕುಗಳನ್ನೂ ತರಲು ಹೊರಟ ಶುನ್ಸಾಕು ತಮಿಯಾ ಅಳೆದು ನೋಡಿದಾಗ ಅದು ಅಸಲಿಯ ಸುಮಾರು 35ನೇ ಒಂದು ಭಾಗವಿತ್ತು. ಬ್ಯಾಟರಿಯ ಗಾತ್ರದಿಂದ ಹುಟ್ಟಿದ ಆ ಅಂಕಿಯನ್ನೇ ಮುಂದೆ ಬೇರೆ ಬೇರೆ ದೇಶಗಳ ತಯಾರಕರು ಅನುಸರಿಸಿದರು. ಇಂದು ಸೇನಾ ವಾಹನಗಳ ಮಾದರಿಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ ಪ್ರಮಾಣ.

ಇನ್ನು ತೂಕ. ಉದ್ದ 35 ಪಟ್ಟು ಕುಗ್ಗಿದರೆ ಮೇಲ್ಮೈಯ ಕ್ಷೇತ್ರಫಲ 35ರ ವರ್ಗದಷ್ಟು, ಅಂದರೆ 1,225 ಪಟ್ಟು ಕುಗ್ಗುತ್ತದೆ. ಗಾತ್ರ 35ರ ಘನದಷ್ಟು, ಅಂದರೆ 42,875 ಪಟ್ಟು ಕುಗ್ಗುತ್ತದೆ. ಈ ನಿಯಮವನ್ನು ಗೆಲಿಲಿಯೊ 1638ರ ತನ್ನ ಕೊನೆಯ ದೊಡ್ಡ ಗ್ರಂಥದಲ್ಲಿ ಎಲುಬುಗಳ ಉದಾಹರಣೆ ಕೊಟ್ಟು ವಿವರಿಸಿದ್ದ. ಅದರ ಪ್ರಕಾರ ಪೂರ್ತಿ ಉಕ್ಕಿನಲ್ಲೇ ಮಾಡಿದ ಪುಟಾಣಿ ಟಿ-55ರ ತೂಕ ಕೇವಲ 840 ಗ್ರಾಂ. ಕಿಟ್‌ನ ಪಾಲಿಸ್ಟೈರೀನ್ ಉಕ್ಕಿಗಿಂತ ಏಳೆಂಟು ಪಟ್ಟು ಹಗುರ, ಒಳಗೆ ಬರೀ ಟೊಳ್ಳು. ಹೀಗಾಗಿ ಪ್ಲಾಸ್ಟಿಕ್ ಮಾದರಿ ಇನ್ನೂ ಹಗುರ.

ಈ ಹಗುರತನ ಕಣ್ಣಿಗೆ ಹೊಡೆದು ಕಾಣುವುದು ಎರಡು ಕಡೆ. ಒಂದು, ನೆಲ. ಅಸಲಿ ಟಿ-55 ತನ್ನ ಅಡಿಯ ಪ್ರತಿ ಚದರ ಸೆಂಟಿಮೀಟರ್ ಮಣ್ಣಿನ ಮೇಲೆ ಸುಮಾರು 0.81 ಕಿಲೊಗ್ರಾಂ ಭಾರ ಹೇರುತ್ತದೆ. ಉಕ್ಕಿನ ಪುಟಾಣಿ ಟ್ಯಾಂಕು ಹೇರುವುದು ಅದರ 35ನೇ ಒಂದು ಭಾಗ. ಪ್ಲಾಸ್ಟಿಕ್ಕಿನದು ಇನ್ನೂ ಕಡಿಮೆ. ಅಸಲಿ ಟ್ಯಾಂಕು ಮೆತ್ತನೆಯ ಹೊಲದಲ್ಲಿ ಹೂತು ಸಾಲು ಬಿಡುತ್ತದೆ, ಮಾದರಿ ಮಾತ್ರ ಮಣ್ಣಿನ ಮೇಲೆ ತೇಲಿದ ಹಾಗೆ ನಿಲ್ಲುತ್ತದೆ. ಅದನ್ನು ನಂಬುವಂತೆ ಮಾಡಬೇಕಾದರೆ ನೆಲದ ಲೇಪ ಹಸಿಯಿರುವಾಗಲೇ ಕೈಯಿಂದ ಒತ್ತಿ ಕೂರಿಸಬೇಕು.

ಇನ್ನೊಂದು, ಟ್ರ್ಯಾಕ್. ಟಿ-55ರಲ್ಲಿ ಟ್ರ್ಯಾಕಿನ ಮೇಲ್ಭಾಗವನ್ನು ಎತ್ತಿ ಹಿಡಿಯುವ ಪ್ರತ್ಯೇಕ ಉರುಳೆಗಳಿಲ್ಲ. ಭಾರವಾದ ಉಕ್ಕಿನ ಪಟ್ಟಿ ಐದು ಗಾಲಿಗಳ ನೆತ್ತಿಯ ಮೇಲೆ ಮಲಗಿ, ನಡುನಡುವೆ ಜೋತುಬಿದ್ದಿರುತ್ತದೆ. ಕಿಟ್‌ನಲ್ಲಿ ಬರುವ ರಬ್ಬರಿನಂಥ ವಿನೈಲ್ ಪಟ್ಟಿ ಹೀಗೆ ಜೋಲದೆ ಬಿಗಿಯಾಗಿ ಸೆಟೆದು ನಿಲ್ಲುತ್ತದೆ. ಪಟ್ಟಿ ಹಗುರವಾಗಿರುವುದೇ ಕಾರಣ ಎಂದು ಅನೇಕರು ತಿಳಿದಿದ್ದಾರೆ. ಆದರೆ ಎರಡು ತುದಿಗಳ ನಡುವೆ ತೂಗುವ ಸರಪಳಿಯ ಆಕಾರ ಅದರ ತೂಕವನ್ನು ಅವಲಂಬಿಸಿಲ್ಲ. ಸರಪಳಿಯ ಉದ್ದ ಮತ್ತು ತುದಿಗಳ ಅಂತರ, ಇವೆರಡೇ ಅದನ್ನು ತೀರ್ಮಾನಿಸುತ್ತವೆ. ಕೀಲುಗಳು ಸಡಿಲವಾಗಿ ತಿರುಗುವಂತಿದ್ದರೆ ಚಿನ್ನದ ಸರವೂ ಹಡಗಿನ ಲಂಗರಿನ ಸರಪಳಿಯೂ ಒಂದೇ ವಕ್ರರೇಖೆಯಲ್ಲಿ ಜೋಲುತ್ತವೆ. ದೋಷವಿರುವುದು ವಿನೈಲಿನ ಸ್ಪ್ರಿಂಗ್ ಗುಣದಲ್ಲಿ. ವಸ್ತು ಸಣ್ಣದಾದಷ್ಟೂ ಅದರ ಬಿಗಿತ ತೂಕವನ್ನು ಮೀರುತ್ತದೆ. ಅದಕ್ಕೇ ಅನುಭವಿಗಳು ಒಂದೊಂದೇ ಕೊಂಡಿ ಜೋಡಿಸುವ ಲೋಹದ ಅಥವಾ ಪ್ಲಾಸ್ಟಿಕ್ಕಿನ ಟ್ರ್ಯಾಕುಗಳನ್ನು ಆರಿಸಿಕೊಳ್ಳುತ್ತಾರೆ. ಕೊಂಡಿಗಳು ಬಿಡಿಬಿಡಿಯಾದ ಕೂಡಲೆ ಜೋಲು ತಾನಾಗಿ ಬರುತ್ತದೆ.

ಓಡುವ ಮಾದರಿಯಲ್ಲಿ ಮತ್ತೊಂದು ತೊಡಕಿದೆ. ಒಂದು ಮೀಟರ್ ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟಲು ಸುಮಾರು 0.45 ಸೆಕೆಂಡ್ ಬೇಕು. ಮಾದರಿಯ ಲೋಕದಲ್ಲಿ ಒಂದು ಮೀಟರ್ ಅಂದರೆ 2.86 ಸೆಂಟಿಮೀಟರ್; ಅಷ್ಟು ದೂರ ಬೀಳಲು 0.08 ಸೆಕೆಂಡಿಗಿಂತ ಕಡಿಮೆ ಸಾಕು. ಹಳ್ಳ ದಾಟುವ ಪುಟಾಣಿ ಟ್ಯಾಂಕು ಗಕ್ಕನೆ ಕುಕ್ಕರಿಸುವುದು ಇದರಿಂದ. ಸಿನಿಮಾದವರು ಮಾದರಿಗಳನ್ನು ಚಿತ್ರಿಸುವಾಗ ಕ್ಯಾಮೆರಾ ವೇಗ ಹೆಚ್ಚಿಸಿ ಕಾಲವನ್ನು ಹಿಗ್ಗಿಸುತ್ತಾರೆ. 1/35ಕ್ಕೆ ಬೇಕಾದ ಹಿಗ್ಗು 35ರ ವರ್ಗಮೂಲ, ಹತ್ತಿರ ಹತ್ತಿರ ಆರು ಪಟ್ಟು.

ಪ್ಲಾಸ್ಟಿಕ್ಕಿನ ಬೆಸುಗೆ

ಕಿಟ್‌ನ ಭಾಗಗಳು ಪಾಲಿಸ್ಟೈರೀನ್‌ನವು. ಕಾದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿ ಎರಕ ಹೊಯ್ದಿರುತ್ತಾರೆ. ನಾವು ಥರ್ಮಾಕೋಲ್ ಎನ್ನುವುದು ಇದೇ ವಸ್ತುವಿನ ನೊರೆರೂಪ. ಕಿತ್ತಳೆ ಸಿಪ್ಪೆಯನ್ನು ಥರ್ಮಾಕೋಲಿನ ಮೇಲೆ ಹಿಂಡಿ ನೋಡಿ: ಹನಿ ಬಿದ್ದಲ್ಲೆಲ್ಲ ಕುಳಿ ಬೀಳುತ್ತದೆ. ಸಿಪ್ಪೆಯೆಣ್ಣೆಯಲ್ಲಿರುವ ಲಿಮೊನೀನ್ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಮಾದರಿಕಾರರು ಬಳಸುವ ಒಂದು ಬಗೆಯ ಅಂಟಿನಲ್ಲಿ ಇದೇ ಲಿಮೊನೀನ್ ಇದೆ. ಹೆಚ್ಚು ಬಳಕೆಯ ತೆಳು ಅಂಟುಗಳಲ್ಲಿ ಅಸಿಟೋನ್ ಮತ್ತು ಬ್ಯುಟೈಲ್ ಅಸಿಟೇಟ್ ಇರುತ್ತವೆ.

ಈ ದ್ರವಗಳಲ್ಲಿ ಅಂಟುಗುಣವೇ ಇಲ್ಲ. ಎರಡು ಭಾಗಗಳ ಅಂಚನ್ನು ಅವು ಮೆದುಗೊಳಿಸುತ್ತವೆ. ಆಗ ಪಾಲಿಸ್ಟೈರೀನಿನ ಉದ್ದನೆಯ ಅಣುಸರಗಳು ಗಡಿ ದಾಟಿ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದ್ರಾವಕ ಆವಿಯಾಗಿ ಹೋದ ಮೇಲೆ ಉಳಿಯುವುದು ಒಂದೇ ತುಂಡು. ಉಕ್ಕಿನ ಬೆಸುಗೆಯಲ್ಲಿ ಶಾಖ ಮಾಡುವ ಕೆಲಸವನ್ನು ಇಲ್ಲಿ ದ್ರಾವಕ ಮಾಡುತ್ತದೆ. ಎರಡು ಭಾಗಗಳನ್ನು ಹೊಂದಿಸಿ ಹಿಡಿದು ಸಂದಿಗೆ ಕುಂಚದ ತುದಿ ಮುಟ್ಟಿಸಿದರೆ ಸಾಕು, ದ್ರವ ಲೋಮನಾಳ ಕ್ರಿಯೆಯಿಂದ ಸಂದಿಯುದ್ದಕ್ಕೂ ತಾನೇ ಓಡುತ್ತದೆ. ಸಣ್ಣ ಲೋಕದಲ್ಲಿ ಗುರುತ್ವಕ್ಕಿಂತ ಮೇಲ್ಮೈ ಎಳೆತವೇ ಬಲಶಾಲಿ. ಈ ಅಧ್ಯಾಯದಲ್ಲಿ ಆ ಬಲ ಮತ್ತೆ ಮತ್ತೆ ಎದುರಾಗಲಿದೆ; ಕೆಲವೆಡೆ ನೆರವಾಗಿ, ಕೆಲವೆಡೆ ತೊಡಕಾಗಿ.

ಹಿತ್ತಾಳೆಯ ತೆಳು ಹಾಳೆಯಿಂದ ಆಮ್ಲದಲ್ಲಿ ಕೊರೆದು ತೆಗೆದ ಜಾಲರಿ, ಕೊಂಡಿಗಳಿಗೆ ಈ ಬೆಸುಗೆ ಹಿಡಿಯದು. ಅಲ್ಲಿ ಬೇಕಾದದ್ದು ಸೂಪರ್ ಗ್ಲೂ. ಅದು ಬೆಳಕಿಗೆ ಬಂದದ್ದು 1942ರಲ್ಲಿ, ಬಂದೂಕಿನ ಗುರಿಗಾಜಿಗಾಗಿ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದ ಈಸ್ಟ್‌ಮನ್ ಕೊಡಾಕ್‌ನ ಹ್ಯಾರಿ ಕೂವರ್ ತಂಡಕ್ಕೆ. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಅವರು ಅದನ್ನು ಆಗ ಬದಿಗಿಟ್ಟರು. ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಗಾಳಿಯ ಮತ್ತು ಮೇಲ್ಮೈಯ ತೇವಾಂಶವೇ ಅದರ ಅಣುಗಳನ್ನು ಸರವಾಗಿ ಪೋಣಿಸುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಅದು ಬೇಗ ಗಟ್ಟಿಯಾಗುತ್ತದೆ, ಬೇಸಿಗೆಯ ಕಲಬುರಗಿಯಲ್ಲಿ ನಿಧಾನ.

ಬಣ್ಣದ ದಪ್ಪ, ಬೆಳಕಿನ ಕೊರತೆ

ಅಂಟಿಸಿ ಮುಗಿದ ಮಾದರಿಗೆ 30 ಮೈಕ್ರಾನ್ ದಪ್ಪ ಬಣ್ಣ ಹೊಡೆದಿರಿ ಎನ್ನೋಣ. ಅದು ತಲೆಗೂದಲಿಗಿಂತ ತೆಳು. ಆದರೆ ಟ್ಯಾಂಕಿನ ಲೋಕದಲ್ಲಿ ಅದರ ದಪ್ಪ ಒಂದು ಮಿಲಿಮೀಟರ್. ಅಷ್ಟು ದಪ್ಪ ಬಣ್ಣವನ್ನು ಯಾವ ಕಾರ್ಖಾನೆಯೂ ಹೊಡೆಯುವುದಿಲ್ಲ. ಸಣ್ಣ ಬೋಲ್ಟು, ಬೆಸುಗೆಯ ಗೆರೆಗಳು ಆ ಪದರದಡಿ ಮುಳುಗಿಹೋಗುತ್ತವೆ. ಏರ್‌ಬ್ರಶ್ ಈ ಹವ್ಯಾಸಕ್ಕೆ ಅನಿವಾರ್ಯವೆನಿಸಿದ್ದು ಇದರಿಂದ. ಒತ್ತಡದ ಗಾಳಿ ಪೆನ್ನಿನಾಕಾರದ ಈ ಉಪಕರಣದ ಸೂಜಿರಂಧ್ರದ ಸುತ್ತ ನುಗ್ಗುವಾಗ ಅಲ್ಲಿ ಒತ್ತಡ ತಗ್ಗಿ ಬಣ್ಣ ಹೊರಕ್ಕೆ ಸೆಳೆಯಲ್ಪಡುತ್ತದೆ, ಒಡೆದು ಮಂಜಿನಂತೆ ಹರಡುತ್ತದೆ. ಹನಿ ಮೇಲ್ಮೈಗೆ ತಾಗುವ ಮೊದಲೇ ಒಣಗಿದರೆ ಬಣ್ಣ ಮರಳುಮರಳಾಗುತ್ತದೆ. ತೀರ ನೀರಾಗಿದ್ದರೆ ಸೋರುತ್ತದೆ. ಥಿನ್ನರಿನ ಪ್ರಮಾಣ, ಗಾಳಿಯ ಒತ್ತಡ, ಕೈಯ ದೂರ, ಈ ಮೂರರ ಹೊಂದಾಣಿಕೆಯೇ ಏರ್‌ಬ್ರಶ್ ವಿದ್ಯೆ.

ಇದರಲ್ಲಿ ಹವಾಮಾನದ ಕೈವಾಡವೂ ಇದೆ. ಕರಾವಳಿಯ ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಹೊಡೆದರೆ ಕೆಲವೊಮ್ಮೆ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ದ್ರಾವಕ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಹೀರಿಕೊಂಡು ಹೋಗುತ್ತದೆ. ತಣ್ಣಗಾದ ಮೇಲ್ಮೈಯ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂತು ಬಣ್ಣದೊಳಗೆ ಸೇರಿಕೊಳ್ಳುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಸಮಸ್ಯೆ ತಿರುವುಮುರುವು: ಅಕ್ರಿಲಿಕ್ ಬಣ್ಣ ಏರ್‌ಬ್ರಶ್ಶಿನ ಸೂಜಿತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ. ಒಣಗುವುದನ್ನು ನಿಧಾನಿಸುವ ದ್ರವವನ್ನು ಬೆರೆಸಿದರೆ ಆ ತೊಂದರೆ ತಪ್ಪುತ್ತದೆ.

ಈಗ ಬಣ್ಣದ ಛಾಯೆಗೆ ಬರೋಣ. ಅಸಲಿ ಟ್ಯಾಂಕಿನ ಹಸಿರನ್ನೇ ಮಾದರಿಗೆ ಹೊಡೆದರೆ ಅದು ತೀರ ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಸ್ವಲ್ಪ ತಿಳಿಗೊಳಿಸುವುದು ಹವ್ಯಾಸಿಗಳ ರೂಢಿ. ದೂರದ ಬೆಟ್ಟ ಮಸುಕಾಗುವಂತೆ ದೂರದ ಟ್ಯಾಂಕೂ ಮಸುಕಾಗುತ್ತದೆ ಎಂಬುದು ಅದಕ್ಕೆ ಅವರು ಕೊಡುವ ಕಾರಣ. ರೂಢಿ ಸರಿ, ಕಾರಣ ಸರಿಯಲ್ಲ. 30 ಸೆಂಟಿಮೀಟರ್ ದೂರದಿಂದ ಮಾದರಿ ನೋಡುವುದೆಂದರೆ ಹತ್ತೂವರೆ ಮೀಟರ್ ದೂರದಿಂದ ಅಸಲಿಯನ್ನು ನೋಡಿದಂತೆ. ಅಷ್ಟು ಹತ್ತಿರದಲ್ಲಿ ಗಾಳಿಯ ಮಬ್ಬು ಬಣ್ಣವನ್ನು ಬದಲಿಸಲಾರದು.

ನಿಜವಾದ ಕಾರಣ ಬೆಳಕಿನಲ್ಲಿದೆ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಮನೆಯೊಳಗಿನ ದೀಪದ ಬೆಳಕು ಕೆಲವೇ ನೂರು ಲಕ್ಸ್. ಬೆಳಕು ಹೆಚ್ಚಿದಷ್ಟೂ ಬಣ್ಣಗಳು ನಮಗೆ ಹೆಚ್ಚು ತುಂಬಿಕೊಂಡು ಕಾಣುತ್ತವೆ ಎಂಬುದನ್ನು ಬ್ರಿಟಿಷ್ ವರ್ಣವಿಜ್ಞಾನಿ ಆರ್. ಡಬ್ಲ್ಯು. ಜಿ. ಹಂಟ್ 1952ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಅದಕ್ಕೆ ಈಗ ಹಂಟ್ ಪರಿಣಾಮವೆಂದೇ ಹೆಸರು. ಇದರ ಜೊತೆಗೆ, ಒಂದೇ ಬಣ್ಣ ಅಗಲವಾದ ಗೋಡೆಯ ಮೇಲೆ ಹೆಚ್ಚು ತಿಳಿಯಾಗಿ, ಸಣ್ಣ ಚೂರಿನ ಮೇಲೆ ಹೆಚ್ಚು ಗಾಢವಾಗಿ ಕಾಣುವುದೂ ಇದೆ. ಮನೆಗೆ ಬಣ್ಣ ಹೊಡೆಸಿದವರಿಗೆಲ್ಲ ಇದು ಗೊತ್ತು: ಅಂಗಡಿಯ ಬಣ್ಣದ ಚೀಟಿಯಲ್ಲಿ ಮೆಚ್ಚಿದ ಛಾಯೆ ಗೋಡೆಗೆ ಬಂದಾಗ ಬೇರೆಯೇ ಆಗಿರುತ್ತದೆ. ಮಾದರಿಯ ಬಣ್ಣವನ್ನು ತಿಳಿಗೊಳಿಸುವವರು ಕೋಣೆಯಲ್ಲಿ ಇಲ್ಲದ ಸೂರ್ಯನನ್ನು ಡಬ್ಬಿಯೊಳಕ್ಕೆ ಬೆರೆಸುತ್ತಿರುತ್ತಾರೆ. ಅದಕ್ಕೇ ಗೋಪುರದ ನೆತ್ತಿ ಹೆಚ್ಚು ತಿಳಿ, ಒಡಲಿನ ಕೆಳಭಾಗ ಹೆಚ್ಚು ಗಾಢ. ಅಸಲಿ ಟ್ಯಾಂಕಿನಲ್ಲೂ ಆಕಾಶಕ್ಕೆ ಮುಖ ಮಾಡಿದ ಭಾಗಗಳೇ ಹೆಚ್ಚು ಮಾಸುವುದು, ಯಾಕೆಂದರೆ ಬಿಸಿಲಿನ ನೇರಳಾತೀತ ಕಿರಣ ಬಣ್ಣವನ್ನು ಹಿಡಿದಿಟ್ಟ ರಾಳವನ್ನು ಮುರಿದು ಪುಡಿ ಮಾಡುತ್ತದೆ. ಎರಡು ಬೇರೆ ಬೇರೆ ಕಾರಣಗಳು ಕುಂಚವನ್ನು ಒಂದೇ ದಿಕ್ಕಿಗೆ ಒಯ್ಯುತ್ತವೆ.

ನೆರಳನ್ನು ಬಳಿಯುವುದು

ಬಿಸಿಲಿನಲ್ಲಿ ನಿಂತ ಟ್ಯಾಂಕಿನ ಪ್ರತಿ ಬೋಲ್ಟಿನ ಬುಡದಲ್ಲೂ ಪ್ರತಿ ಮುಚ್ಚಳದ ಸುತ್ತಲೂ ಖಚಿತವಾದ ನೆರಳಿರುತ್ತದೆ. ಉದ್ದನೆಯ ಟ್ಯೂಬ್‌ಲೈಟಿನ ಕೆಳಗಿಟ್ಟ ಮಾದರಿಯ ಮೇಲೆ ಬೆಳಕು ಹಲವು ದಿಕ್ಕಿನಿಂದ ಬಿದ್ದು ಆ ನೆರಳನ್ನು ಅಳಿಸಿಬಿಡುತ್ತದೆ. ಹಾಗಾಗಿ ಬೆಳಕನ್ನು ಬಳಿದವರು ನೆರಳನ್ನೂ ಬಳಿಯಬೇಕು. ಎಣ್ಣೆಬಣ್ಣದ ಗಾಢ ಕಂದನ್ನು ವೈಟ್ ಸ್ಪಿರಿಟ್‌ನಲ್ಲಿ ತೀರ ತೆಳುವಾಗಿ ಕಲಸಿದ ದ್ರಾವಣವೇ ವಾಶ್. ಬೋಲ್ಟಿನ ಬುಡಕ್ಕೆ ಸಣ್ಣ ಕುಂಚದಿಂದ ಒಂದು ಹನಿ ಮುಟ್ಟಿಸಿದರೆ ಮೇಲ್ಮೈ ಎಳೆತ ಅದನ್ನು ಸುತ್ತಲೂ ಉಂಗುರವಾಗಿ ಎಳೆದು ನಿಲ್ಲಿಸುತ್ತದೆ. ಬೆಲ್ಜಿಯಮ್ಮಿನ ಫ್ರಾಂಸ್ವಾ ವೆರ್ಲಿಂಡನ್ ಈ ವಾಶ್ ತಂತ್ರವನ್ನೂ, ಹೆಚ್ಚುಕಡಿಮೆ ಒಣಗಿದ ಕುಂಚವನ್ನು ಸವರಿ ಅಂಚುಗಳನ್ನು ಬೆಳಗಿಸುವ ತಂತ್ರವನ್ನೂ ಜೊತೆಯಾಗಿ ಬಳಸಿ ಹೆಸರಾದವರು. ಒಂದು ನೆರಳನ್ನು ಕೊಡುತ್ತದೆ, ಇನ್ನೊಂದು ಬೆಳಕನ್ನು.

ವಾಶ್ ಹಾಕುವ ಮೊದಲು ಮಾದರಿಗೆ ಹೊಳಪಿನ ವಾರ್ನಿಶ್ ಕೊಡುವುದೂ ಇದೇ ವಿಜ್ಞಾನದಿಂದ. ಹೊಳಪಿಲ್ಲದ ಬಣ್ಣದ ಮೇಲ್ಮೈ ಸೂಕ್ಷ್ಮದರ್ಶಕದಡಿ ಕಲ್ಲುಮುಳ್ಳಿನ ಬಯಲು. ಅಲ್ಲಿನ ಸಾವಿರಾರು ಸಣ್ಣ ತಗ್ಗುಗಳು ಲೋಮನಾಳಗಳಂತೆ ದ್ರವವನ್ನು ಹೀರಿ ಕಲೆಯನ್ನು ಎಲ್ಲೆಡೆ ಹರಡಿಬಿಡುತ್ತವೆ. ವಾರ್ನಿಶ್ ಆ ತಗ್ಗುಗಳನ್ನು ತುಂಬಿದರೆ ದ್ರವಕ್ಕೆ ಉಳಿಯುವ ದಾರಿ ನಾವು ತೋರಿಸಿದ ಗೆರೆ ಮಾತ್ರ.

ಒಣಗಿದ ವಾಶ್ ಅಂಚಿನಲ್ಲಿ ಗಾಢ ಗೆರೆ ಬಿಡುವುದೂ ಇದೆ. ಮೇಜಿನ ಮೇಲೆ ಬಿದ್ದ ಕಾಫಿಯ ಹನಿ ಒಣಗಿದಾಗ ನಡುವೆ ತಿಳಿಯಾಗಿ, ಅಂಚಿನಲ್ಲಿ ಕಪ್ಪಾಗಿ ಉಳಿಯುವುದು ಇದೇ ಕ್ರಿಯೆಯಿಂದ. 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ, ಆವಿಯಾಗುವಿಕೆ ಅಂಚಿನಲ್ಲೇ ಹೆಚ್ಚು. ಆ ನಷ್ಟ ತುಂಬಲು ನಡುವಿನ ದ್ರವ ಹೊರಮುಖವಾಗಿ ಹರಿಯುತ್ತ ಕಣಗಳನ್ನೂ ಒಯ್ಯುತ್ತದೆ. ಬೇಡವಾದಾಗ ವೈಟ್ ಸ್ಪಿರಿಟ್ ಅದ್ದಿದ ಕುಂಚದಿಂದ ಅಂಚನ್ನು ಕರಗಿಸಿದರಾಯಿತು. ಮಳೆನೀರು ನಿಂತು ಆರಿದ ಗುರುತು ಬೇಕೆಂದಾಗ ಇದನ್ನೇ ಹಾಗೆಯೇ ಬಿಡಬಹುದು, ಯಾಕೆಂದರೆ ಅಸಲಿ ಟ್ಯಾಂಕಿನ ಮೇಲೂ ಕಲೆ ಮೂಡುವುದು ಇದೇ ದಾರಿಯಲ್ಲಿ.

ತುಕ್ಕು ಎಲ್ಲಿ ಹಿಡಿಯುತ್ತದೆ

ಕಬ್ಬಿಣ, ನೀರು, ಆಮ್ಲಜನಕ ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ಹೊಸ ತುಕ್ಕು ಕಿತ್ತಳೆ ಬಣ್ಣದ್ದು, ಹಳೆಯದು ಗಾಢ ಕಂದು. ಎರಡೂ ಕಬ್ಬಿಣದ ಆಕ್ಸೈಡ್ ಮತ್ತು ಹೈಡ್ರಾಕ್ಸೈಡುಗಳ ಬೇರೆ ಬೇರೆ ರೂಪಗಳು. ಮಾದರಿಕಾರರು ತುಕ್ಕಿಗೆ ಬಳಸುವ ರಾ ಸಿಯೆನ್ನಾ, ಬರ್ನ್ಟ್ ಸಿಯೆನ್ನಾ ಎಂಬ ಬಣ್ಣಗಳೂ ಮೂಲತಃ ಕಬ್ಬಿಣದ ಅಂಶವುಳ್ಳ ಮಣ್ಣುಗಳೇ. ಹಳದಿಗಂದು ಮಣ್ಣನ್ನು ಸುಟ್ಟಾಗ ಅದರಲ್ಲಿ ಬೆಸೆದುಕೊಂಡಿದ್ದ ನೀರು ಹೋಗಿ ಕೆಂಗಂದು ಬರುತ್ತದೆ. ಉತ್ತರ ಕನ್ನಡ ಮತ್ತು ಗೋವೆಯ ದೇವಸ್ಥಾನಗಳ ಗೋಡೆಯಲ್ಲಿರುವ ಕಾವಿ ಕಲೆಯ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಆಧಾರ. ಮಾದರಿಯ ಮೇಲಿನ ತುಕ್ಕು ಬರೀ ಹೋಲಿಕೆಯಲ್ಲ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ತುಕ್ಕಿನ ಹತ್ತಿರದ ಸಂಬಂಧಿ.

ಹೊಸಬರು ತುಕ್ಕನ್ನು ಎಲ್ಲೆಡೆ ಹಚ್ಚುತ್ತಾರೆ. ಓಡಾಡುವ ಟ್ಯಾಂಕನ್ನು ಸೈನಿಕರು ದಿನವೂ ನೋಡಿಕೊಳ್ಳುತ್ತಾರೆ. ಅದರಲ್ಲಿ ತುಕ್ಕಿಗೆ ಗೊತ್ತಾದ ಜಾಗಗಳಿವೆ. ಬೂಟಿನ ಕಾಲು ಬೀಳುವ ಅಂಚು, ತೆರೆದು ಮುಚ್ಚುವ ಬಾಗಿಲು, ಸಲಕರಣೆ ಉಜ್ಜುವ ಮೂಲೆ, ಇಲ್ಲೆಲ್ಲ ಬಣ್ಣ ಸವೆಯುತ್ತದೆ. ಟಿ-55ರ ಹೊಗೆಕೊಳವೆ ಎಡಬದಿಯ ಹಿಂಭಾಗದಲ್ಲಿದೆ. ಅಲ್ಲಿನ ಶಾಖಕ್ಕೆ ಬಣ್ಣ ಸುಟ್ಟು ತುಕ್ಕೂ ಮಸಿಯೂ ಒಟ್ಟಿಗೆ ಕೂರುತ್ತವೆ. ಹೊಗೆಪರದೆ ಎಬ್ಬಿಸಲು ಬಿಸಿ ಕೊಳವೆಯೊಳಕ್ಕೆ ಡೀಸೆಲ್ ಚಿಮ್ಮಿಸುವ ಏರ್ಪಾಡು ಈ ಟ್ಯಾಂಕಿನಲ್ಲಿ ಇರುವುದರಿಂದ ಎಣ್ಣೆಯ ಜಿಡ್ಡೂ ಸೇರುತ್ತದೆ. ತೆಳು ತಗಡಿನ ಮಡ್‌ಗಾರ್ಡ್ ಬಾಗುತ್ತದೆ, ತೂತಾಗುತ್ತದೆ. 100 ಮಿಲಿಮೀಟರ್ ದಪ್ಪದ ಮುಂಗವಚ ತೂತಾಗುವುದಿಲ್ಲ. ಟ್ರ್ಯಾಕಿನ ಕೊಂಡಿಗಳು 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಮ್ಯಾಂಗನೀಸ್ ಉಕ್ಕಿನ ಜಾತಿಯವು. ಹೊಡೆತ ಬಿದ್ದಷ್ಟೂ ಆ ಉಕ್ಕಿನ ಮೇಲ್ಮೈ ಗಡುಸಾಗುತ್ತದೆ. ನೆಲಕ್ಕೆ ತಾಗುವ ಕಡೆ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತದೆ, ಸಂದಿಗಳಲ್ಲಿ ಕಂದಾಗಿ ಉಳಿಯುತ್ತದೆ. ಗಾಲಿಯ ಅಂಚು ರಬ್ಬರು, ಅದಕ್ಕೆ ತುಕ್ಕು ಹಿಡಿಯುವ ಮಾತೇ ಇಲ್ಲ.

ಬಣ್ಣ ಎದ್ದುಹೋದ ಗುರುತನ್ನು ನಿಜವಾಗಿಯೇ ಬಣ್ಣ ಎಬ್ಬಿಸಿ ಮೂಡಿಸುವ ಜಾಣತನವೊಂದಿದೆ. ಮೊದಲು ತುಕ್ಕಿನ ಬಣ್ಣವನ್ನು ಲ್ಯಾಕರಿನಲ್ಲಿ ಹೊಡೆಯುತ್ತಾರೆ. ಅದರ ಮೇಲೆ ತಲೆಗೂದಲಿಗೆ ಹಾಕುವ ಹೇರ್‌ಸ್ಪ್ರೇ ಪದರ. ಅದರ ಮೇಲೆ ಅಕ್ರಿಲಿಕ್ ಹಸಿರು. ಒಣಗಿದ ಮೇಲೆ ನೀರು ಸವರಿ ಗಡುಸು ಕುಂಚದಿಂದ ಮೆಲ್ಲಗೆ ಉಜ್ಜಿದರೆ ನೀರು ತೆಳುವಾದ ಹಸಿರಿನ ಮೂಲಕ ಒಳಗಿಳಿದು, ನೀರಿನಲ್ಲಿ ಕರಗುವ ಹೇರ್‌ಸ್ಪ್ರೇಯನ್ನು ಮೆದುಗೊಳಿಸುತ್ತದೆ. ಹಸಿರು ಚಕ್ಕೆಚಕ್ಕೆಯಾಗಿ ಏಳುತ್ತದೆ, ನೀರಿಗೆ ಜಗ್ಗದ ತುಕ್ಕಿನ ಪದರ ಕೆಳಗೆ ಇಣುಕುತ್ತದೆ. ಮೂರು ಪದರಗಳು ಬೇರೆ ಬೇರೆ ದ್ರಾವಕಕ್ಕೆ ಕರಗುತ್ತವೆ ಎಂಬ ತಿಳಿವಳಿಕೆಯೇ ಇಲ್ಲಿ ಕುಂಚದ ಕೆಲಸ ಮಾಡುತ್ತದೆ.

ಥಾರಿನ ಧೂಳು, ಬಂಗಾಳದ ಕೆಸರು

1971ರ ಭಾರತ-ಪಾಕಿಸ್ತಾನ ಯುದ್ಧ ಎರಡು ಬೇರೆ ಬೇರೆ ಮಣ್ಣುಗಳ ಮೇಲೆ ನಡೆಯಿತು. ನವೆಂಬರ್ 21ರಂದು ಪೂರ್ವದ ಗರೀಬ್‌ಪುರದಲ್ಲಿ ಭಾರತದ 45 ಕ್ಯಾವಲ್ರಿಯ ಪಿಟಿ-76 ಟ್ಯಾಂಕುಗಳು ಹೋರಾಡಿದವು. ಅವು ಸುಮಾರು 14 ಟನ್ ತೂಕದ, ನೀರಿನಲ್ಲಿ ಈಜಬಲ್ಲ ಹಗುರ ಟ್ಯಾಂಕುಗಳು. ಡಿಸೆಂಬರಿನ ಮೊದಲ ವಾರ ಪಶ್ಚಿಮದ ಥಾರ್ ಮರುಭೂಮಿಯ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟೈಪ್-59 ಟ್ಯಾಂಕುಗಳು ಹಂಟರ್ ವಿಮಾನಗಳ ದಾಳಿಗೆ ಸಿಕ್ಕವು. ತಪ್ಪಿಸಿಕೊಳ್ಳಲು ಅವು ಸುತ್ತುಹಾಕಿದ ಗುರುತುಗಳು ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಮರಳಿನ ಮೇಲೆ ಸ್ಪಷ್ಟವಾಗಿ ಕಾಣುತ್ತವೆ. ಈ ಎರಡು ಕದನಗಳ ಟ್ಯಾಂಕು ಕಟ್ಟುವವರಿಗೆ ಒಂದೇ ಡಬ್ಬಿಯ ಮಣ್ಣು ಸಾಲದು.

ಥಾರಿನ ಮರಳನ್ನೇ ತಂದು ಮಾದರಿಗೆ ಹಾಕಿದರೆ ಹೇಗೆ? ಕಾಲು ಮಿಲಿಮೀಟರಿನ ಒಂದು ಕಣ ಮಾದರಿಯ ಲೋಕದಲ್ಲಿ 9 ಮಿಲಿಮೀಟರಿನ ಜಲ್ಲಿಯಾಗುತ್ತದೆ. ಆ ಮರಳು ಅಳತೆಗೆ ಸರಿಹೊಂದಬೇಕಾದರೆ ಕಣ 7 ಮೈಕ್ರಾನಿಗೆ ಇಳಿಯಬೇಕು. ಅಷ್ಟು ನುಣುಪಾದ ಪುಡಿ ಸಿಗುವುದು ಬಣ್ಣದ ಪಿಗ್ಮೆಂಟುಗಳಲ್ಲಿ. ಆ ಗಾತ್ರದಲ್ಲಿ ಭೌತಶಾಸ್ತ್ರವೂ ಬೇರೆಯಾಗುತ್ತದೆ. ಕಣದ ತೂಕ ವ್ಯಾಸದ ಘನಕ್ಕೆ ತಕ್ಕಂತೆ ಕುಗ್ಗಿದರೆ ಅಂಟಿಕೊಳ್ಳುವ ಬಲ ಬರೀ ವ್ಯಾಸಕ್ಕೆ ತಕ್ಕಂತೆ ಕುಗ್ಗುತ್ತದೆ. ಮರಳು ಉದುರುತ್ತದೆ, ಪಿಗ್ಮೆಂಟ್ ಅಂಟುತ್ತದೆ. ತಲೆಕೆಳಗಾದ ಮೇಲ್ಮೈಗೂ ಬಿಡದೆ ಹಿಡಿಯುತ್ತದೆ. ಅಸಲಿ ಟ್ಯಾಂಕಿನ ಮೇಲೆ ಮರಳು ನಿಲ್ಲದ ಜಾಗದಲ್ಲೂ ಪುಡಿ ನಿಂತುಬಿಡುವುದರಿಂದ ಎಲ್ಲಿಂದ ಒರೆಸಿ ತೆಗೆಯಬೇಕು ಎಂಬುದೂ ಈ ಕಲೆಯ ಭಾಗ.

ಕೆಸರಿಗೆ ಬೇರೆ ಪಾಠ. ಒದ್ದೆ ಮಣ್ಣು ಒಣಮಣ್ಣಿಗಿಂತ ಕಪ್ಪು. ಕಣಗಳ ನಡುವಿನ ಗಾಳಿಯ ಜಾಗಕ್ಕೆ ನೀರು ಬಂದಾಗ ಬೆಳಕು ಹಿಂದಕ್ಕೆ ಚದುರುವುದು ಕಡಿಮೆಯಾಗುತ್ತದೆ, ಒಳಹೊಕ್ಕ ಬೆಳಕು ಹೊರಬರುವ ಮೊದಲೇ ಹೀರಲ್ಪಡುತ್ತದೆ. ವೈಟ್ ಸ್ಪಿರಿಟ್‌ನಲ್ಲಿ ಕಲಸಿದ ಪಿಗ್ಮೆಂಟೂ ಹಸಿಯಿರುವಾಗ ಗಾಢವಾಗಿ, ಒಣಗಿದಾಗ ತಿಳಿಯಾಗಿ ಕಾಣುವುದು ಇದೇ ಕಾರಣಕ್ಕೆ. ಹಸಿಯಲ್ಲಿ ಕಂಡ ಛಾಯೆಯನ್ನು ನಂಬಿ ಅಳತೆ ಮಾಡಬಾರದು. ಹಸಿ ಕೆಸರು ಬೇಕೆಂದರೆ ಗಾಢ ಪುಡಿಗೆ ಹೊಳಪಿನ ವಾರ್ನಿಶ್ ಸೇರಿಸಬೇಕು.

ನಿಜವಾದ ನೀರನ್ನು ಮಾತ್ರ ಬಳಸಲಾಗದು. ಪಾತ್ರೆಯ ಅಂಚಿನಲ್ಲಿ ನೀರು ಮೇಲಕ್ಕೆ ಬಾಗುವುದನ್ನು ನಿರ್ಧರಿಸುವ ಅಳತೆ ಸುಮಾರು 2.7 ಮಿಲಿಮೀಟರ್. ಮಾದರಿಯ ಲೋಕದಲ್ಲಿ ಅದು ಒಂಬತ್ತು ಸೆಂಟಿಮೀಟರಿಗೂ ಹೆಚ್ಚು. ಯಾವ ಹಳ್ಳದ ನೀರೂ ದಡದಲ್ಲಿ ಅಷ್ಟೆತ್ತರಕ್ಕೆ ಬಾಗಿ ನಿಲ್ಲುವುದಿಲ್ಲ. ನೀರಿಗೆ ಬದಲಾಗಿ ಸುರಿಯುವ ಪಾರದರ್ಶಕ ರಾಳಕ್ಕೂ ಈ ಚಾಳಿ ಇರುವುದರಿಂದ ಅದನ್ನು ತೆಳು ಪದರಗಳಲ್ಲಿ ಹಾಕಿ ಅಂಚನ್ನು ಮಣ್ಣಿನಿಂದ ಮರೆಮಾಡುತ್ತಾರೆ. ಒಣಗಿದ ಕೆರೆಯಂಗಳದ ಬಿರುಕು ಮಾತ್ರ ಸುಲಭದ ಕೆಲಸ. ಬಿರುಕುಗಳ ನಡುವಿನ ಅಂತರ ಕೆಸರಿನ ಪದರದ ದಪ್ಪಕ್ಕೆ ತಕ್ಕಂತಿರುತ್ತದೆ. ಜೇಡಿಯ ಪದರವನ್ನು 35 ಪಟ್ಟು ತೆಳುವಾಗಿ ಬಳಿದರೆ ಬಿರುಕೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಸಣ್ಣದಾಗುತ್ತದೆ. ಕುಗ್ಗಿಸಿದ್ದಕ್ಕೆ ನಿಸರ್ಗ ತಾನಾಗಿ ಒಪ್ಪಿಕೊಳ್ಳುವ ಅಪರೂಪದ ಸಂದರ್ಭವಿದು.

ಕಣ್ಣಿನ ಮಿತಿ

ಎಷ್ಟು ಸೂಕ್ಷ್ಮಕ್ಕೆ ಇಳಿಯಬೇಕು ಎಂಬುದಕ್ಕೂ ಉತ್ತರವಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು ಅಂತರವನ್ನು ಗುರುತಿಸಬಲ್ಲದು. 30 ಸೆಂಟಿಮೀಟರ್ ದೂರದಲ್ಲಿ ಅದು 0.09 ಮಿಲಿಮೀಟರ್, ಅಸಲಿ ಟ್ಯಾಂಕಿನಲ್ಲಿ 3 ಮಿಲಿಮೀಟರ್. ಅದಕ್ಕಿಂತ ಸಣ್ಣ ಗೀರುಗಳನ್ನು ಬಿಡಿಸಿ ಫಲವಿಲ್ಲ. ಇನ್ನೊಂದು ಕಡೆ, ಒಂದು ಮಿಲಿಮೀಟರ್ ಅಗಲದ ಬಣ್ಣಗೀರು ಅಸಲಿಯಲ್ಲಿ ಮೂರೂವರೆ ಸೆಂಟಿಮೀಟರಿನ ಗಾಯವಾಗುತ್ತದೆ. ಈ ಎರಡು ಎಲ್ಲೆಗಳ ನಡುವೆ ಕುಂಚ ಆಡಬೇಕು.

ನಮ್ಮ ಎರಡು ಕಣ್ಣುಗಳ ಅಂತರ ಸುಮಾರು 6.3 ಸೆಂಟಿಮೀಟರ್. ಅದನ್ನು 35ರಿಂದ ಗುಣಿಸಿದರೆ 2.2 ಮೀಟರ್. ಮಾದರಿಯ ಮುಂದೆ ನಾವೆಲ್ಲ ದೈತ್ಯರು. ನಮ್ಮ ಒಂದೊಂದು ಕಣ್ಣೂ ಟ್ಯಾಂಕನ್ನು ಬೇರೆಯೇ ಕೋನದಿಂದ ಕಾಣುತ್ತದೆ. ಎದುರಿಗಿರುವುದು ಪುಟ್ಟ ವಸ್ತು ಎಂದು ಮಿದುಳಿಗೆ ತಿಳಿಸುವುದು ಈ ಅಂತರವೇ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ನೆಲದಿಂದ ನಾಲ್ಕೂವರೆ ಸೆಂಟಿಮೀಟರ್ ಎತ್ತರಕ್ಕೆ ತನ್ನಿ. ಅದು ಆ ಲೋಕದಲ್ಲಿ ನಿಂತ ಮನುಷ್ಯನ ಕಣ್ಣಿನ ಎತ್ತರ. ಟ್ಯಾಂಕಿನ ಗಾತ್ರ ಆಗ ನಿಮ್ಮನ್ನು ಬೆರಗುಗೊಳಿಸುತ್ತದೆ. ಮಾದರಿಗಳ ಒಳ್ಳೆಯ ಛಾಯಾಚಿತ್ರಗಳನ್ನು ಇದೇ ಎತ್ತರದಿಂದ ತೆಗೆಯುತ್ತಾರೆ.

ಗುರುತುಗಳಿಗೆ ಕಾರಣವಿರಲಿ

ಹಿಂದೆ ಅಹ್ಮದ್‌ನಗರ ಎನ್ನುತ್ತಿದ್ದ ಅಹಿಲ್ಯಾನಗರದಲ್ಲಿ ಒಂದು ಸೆಂಚೂರಿಯನ್ ಟ್ಯಾಂಕನ್ನು ಕಾಪಿಟ್ಟಿದ್ದಾರೆ. ಅದರ ಹೆಸರು ಫಮಗುಸ್ಟಾ. 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಪೂನಾ ಹಾರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಈ ಟ್ಯಾಂಕಿನಲ್ಲಿದ್ದರು. ಹೊಡೆತ ಬಿದ್ದು ಬೆಂಕಿ ಹತ್ತಿದರೂ ಅದನ್ನು ಬಿಟ್ಟು ಹೊರಬರಲು ಒಪ್ಪದೆ ಹೋರಾಡಿ ಅಲ್ಲೇ ಮಡಿದರು. ಅವರಿಗಾಗ 21 ವರ್ಷ. ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಆ ಟ್ಯಾಂಕಿನ ಮಾದರಿ ಕಟ್ಟುವವರು ಕವಚದ ಮೇಲೆ ಒಂದು ಸುಟ್ಟಗುರುತು ಮೂಡಿಸುವಾಗ ಅದು ಅಲಂಕಾರವಾಗಬಾರದು. ಸುಟ್ಟ ಟ್ಯಾಂಕಿನ ಬಣ್ಣ ಬೂದಿಯಾಗಿ ಬೆತ್ತಲಾದ ಉಕ್ಕಿಗೆ ಬೇಗ ಕೆಂದುಕ್ಕು ಹಿಡಿಯುತ್ತದೆ, ಗಾಲಿಗಳ ರಬ್ಬರು ಉರಿದುಹೋಗುತ್ತದೆ, ಹದ ಕಳೆದುಕೊಂಡ ಸ್ಪ್ರಿಂಗುಗಳು ಒಡಲನ್ನು ಹೊರಲಾರದೆ ಕುಸಿಯುತ್ತವೆ. ಇದನ್ನು ತಿಳಿದು ಮಾಡಿದ ಮಾದರಿ ಯುದ್ಧದ ಬಗ್ಗೆ ನಿಜ ಹೇಳುತ್ತದೆ. ತಿಳಿಯದೆ ಮಾಡಿದ್ದು ಯುದ್ಧವನ್ನು ಬಣ್ಣದ ಆಟವಾಗಿಸುತ್ತದೆ.

ಈ ಹವ್ಯಾಸಕ್ಕೆ ಕೈಹಾಕುವ ಎಳೆಯರಿಗೆ ನನ್ನದೊಂದು ಮನವಿ. ಬಣ್ಣ ಹೊಡೆಯುವಾಗ ಕಿಟಕಿ ತೆರೆದಿಡಿ. ದ್ರಾವಕದ ಆವಿಗೆ ಮತ್ತು ಉಜ್ಜಿದ ಪುಡಿಗೆ ತಕ್ಕ ಮಾಸ್ಕ್ ಹಾಕಿಕೊಳ್ಳಿ. ಅಸಲಿ ವಾಹನದ ಚಿತ್ರಗಳನ್ನು ನೋಡಿ. ಚಿತ್ರಗಳು ಸಿಗದಿದ್ದರೆ ನಿಮ್ಮೂರಿನ ಟ್ರ್ಯಾಕ್ಟರನ್ನೂ ಜೆಸಿಬಿಯನ್ನೂ ನೋಡಿ; ಬಣ್ಣ ಸವೆಯುವ, ಕೆಸರು ಒಣಗುವ, ತುಕ್ಕು ಇಳಿಯುವ ನಿಯಮಗಳು ಅಲ್ಲೂ ಇವೇ. ಮಾದರಿಯ ಮೇಲೆ ಒಂದೊಂದು ಕಲೆ ಇಡುವ ಮೊದಲು ಅದು ಅಲ್ಲಿಗೆ ಹೇಗೆ ಬಂತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಇಡಿ, ಸಿಗದಿದ್ದರೆ ಬಿಡಿ.